ಬುಡ ನೋಡದೆ ಬುಟ್ಟಿಗೆ ಹಾಕಬೇಡಿ: ಕಾಡಣಬೆ ತಿನ್ನುವ ಮನೆಗಳಿಗೆ ಮಳೆಗಾಲದ ಮಾರ್ಗದರ್ಶಿ

ಮಿರಗದ ಮಳೆ ಹಿಡಿದು ಎರಡು ವಾರ ಆಯಿತೆಂದರೆ ಖಾನಾಪುರ, ಜಾಂಬೋಟಿ ಕಡೆಯ ರಸ್ತೆ ಬದಿಗೆ ಅಣಬೆ ಬರುತ್ತವೆ. ತೇಗದ ಎಲೆ ಹಾಸಿ, ಹತ್ತು ಹನ್ನೆರಡರ ಗುಂಪು ಮಾಡಿ ಇಟ್ಟಿರುತ್ತಾರೆ. ಕನ್ನಡದವರು ಅಣಬಿ ಅಂತಾರೆ, ಮರಾಠಿ ಮಾತಾಡುವವರು ಅಳಂಬಿ ಅಂತಾರೆ. ಬೈಕು ನಿಲ್ಲಿಸಿ ಕೊಳ್ಳದೆ ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ. ನಮ್ಮ ಮನೆಯಲ್ಲೂ ವರ್ಷಕ್ಕೆ ನಾಲ್ಕೈದು ಸಲ ಅಣಬೆ ಪಲ್ಯ, ರೊಟ್ಟಿ ಆಗೇ ಆಗುತ್ತದೆ. ಹಾಗಾಗಿ ಅಣಬೆ ಮುಟ್ಟಲೇಬೇಡಿ ಎಂದು ಹೇಳಲು ನಾನು ಕೂತಿಲ್ಲ. ಯಾವುದನ್ನು ಬಿಡಬೇಕು, ತಪ್ಪಿ ತಿಂದರೆ ಮೊದಲ ದಿನ ಏನು ಮಾಡಬೇಕು, ಇಷ್ಟನ್ನು ಮಾತ್ರ ಬರೆಯುತ್ತೇನೆ.

ಬರೆಯಲು ಕಾರಣ ನಮ್ಮ ಕಾಕಾನ ಮಗ. ಒಂದು ಮಳೆಗಾಲ ಗೆಳೆಯರ ಜೊತೆ ಕಾಡಂಚಿಗೆ ಹೋದವನು ಬಿಳಿ ಅಣಬೆ ಆರಿಸಿಕೊಂಡು ಬಂದ. ರಾತ್ರಿ ಕೋಳಿ ಸಾರಿನ ಜೊತೆಗೆ ಅದರ ಪಲ್ಯವೂ ಆಯಿತು. ಬೆಳಗಿನ ಜಾವ ಐದಕ್ಕೆ ವಾಂತಿ ಭೇದಿ ಶುರು. ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದರು. ಏನು ತಿಂದಿದ್ದಿ ಎಂದು ಕೇಳಿದಾಗ ಎಲ್ಲರೂ ಕೋಳಿ ಎಂದರು. ಅಣಬೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಸಲೈನ್ ಹಚ್ಚಿದರು, ಗುಳಿಗೆ ಕೊಟ್ಟರು, ಮನೆಗೆ ಕಳಿಸಿದರು. ಮರುದಿನ ಅವನು ಆರಾಮಾದ. ಗಂಜಿ ಕುಡಿದ, ಮೊಬೈಲ್ ನೋಡುತ್ತ ಮಲಗಿದ್ದ. ಮೂರನೇ ದಿನ ಬೆಳಿಗ್ಗೆ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಕಾಕು ಅವನ ಮುಖ ನೋಡಿ, ಕೈಯಲ್ಲಿದ್ದ ಕಪ್ಪು ಅಲ್ಲೇ ಇಟ್ಟುಬಿಟ್ಟರು. ಕಣ್ಣಿನ ಬಿಳಿ ಭಾಗ ಅರಿಶಿನ ಕಲಸಿದ ಹಾಗೆ ಹಳದಿಯಾಗಿತ್ತು.

ಅವನು ಉಳಿದ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಎರಡು ವಾರಕ್ಕೂ ಜಾಸ್ತಿ ಇದ್ದ. ಆದರೆ ನಡುವಿನ ಆ ಆರಾಮಿನ ದಿನವನ್ನು ನಾವು ಸುಮ್ನೆ ಕಳೆದುಬಿಟ್ಟೆವಲ್ಲ, ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮೊದಲು ಆ ವಿಷದ ಗುಣ ತಿಳಿಯಿರಿ

ಜಗತ್ತಿನಲ್ಲಿ ಅಣಬೆಯಿಂದ ಆಗುವ ಸಾವುಗಳಲ್ಲಿ ಬಹುಪಾಲು ಒಂದೇ ಕುಲದ ಮೇಲಿವೆ. ಅದರ ಹೆಸರು ಅಮನಿಟಾ. ಅದರಲ್ಲಿ ಎಲ್ಲಕ್ಕಿಂತ ಕುಖ್ಯಾತವಾದದ್ದು ಅಮನಿಟಾ ಫಲ್ಲಾಯ್ಡಿಸ್, ಅಂದರೆ ಡೆತ್ ಕ್ಯಾಪ್. ಇದು ಯುರೋಪಿನದು. ಓಕ್, ಚೆಸ್ಟ್‌ನಟ್ ಮುಂತಾದ ಮರಗಳ ಬೇರಿನ ಜೊತೆ ಬಾಳುವೆ ಮಾಡುತ್ತದೆ. ಸಸಿಗಳ ಬೇರಿನ ಮಣ್ಣಿನಲ್ಲಿ ಕೂತು ಆಸ್ಟ್ರೇಲಿಯಾ, ಅಮೆರಿಕಕ್ಕೂ ಹೋಗಿ ನೆಲೆಸಿದೆ. ಛತ್ರಿ ತುಸು ಹಸಿರು ಕಲೆತ ಹಳದಿ ಬಣ್ಣದ್ದು. ಅಗಲ ಸಾಧಾರಣ 5ರಿಂದ 15 ಸೆಂಟಿಮೀಟರ್. ಇದರ ದಾಯಾದಿಗಳಲ್ಲಿ ಪೂರ್ತಿ ಹಾಲುಬಿಳುಪಿನವೂ ಇವೆ, ಅವೂ ಅಷ್ಟೇ ಮಾರಕ. ಅಮನಿಟಾ ಕುಲದ ಅಣಬೆಗಳು ನಮ್ಮ ಪಶ್ಚಿಮ ಘಟ್ಟದಲ್ಲೂ ಏಳುತ್ತವೆ. ಕಣಕುಂಬಿ, ಭೀಮಗಡದ ಕಾಡು ಅದೇ ಘಟ್ಟದ್ದು ತಾನೆ?

ಇವುಗಳಲ್ಲಿರುವ ವಿಷಕ್ಕೆ ಅಮಾಟಾಕ್ಸಿನ್ ಎಂದು ಹೆಸರು. ನಮ್ಮ ಮೈಯ ಒಂದೊಂದು ಜೀವಕೋಶವೂ ದಿನಾ ಹೊಸ ಪ್ರೋಟೀನ್ ಮಾಡಿಕೊಳ್ಳುತ್ತಲೇ ಇರಬೇಕು. ಅದಕ್ಕೆ ಬೇಕಾದ ಜೀನುಗಳ ನಕಲು ತೆಗೆಯುವ ಕೆಲಸವನ್ನೇ ಈ ವಿಷ ನಿಲ್ಲಿಸಿಬಿಡುತ್ತದೆ. ಜಾಸ್ತಿ ಪೆಟ್ಟು ಬೀಳುವುದು ಲಿವರಿಗೆ. ಲಿವರು ಅದನ್ನು ಪಿತ್ತದ ಜೊತೆ ಕರುಳಿಗೆ ಬಿಡುತ್ತದೆ, ಕರುಳು ಅದನ್ನೇ ಮತ್ತೆ ಹೀರಿ ಲಿವರಿಗೆ ಕಳಿಸುತ್ತದೆ. ಹೀಗೆ ಸುತ್ತು ಹೊಡೆಯುತ್ತ ಅದೇ ವಿಷ ಮತ್ತೆ ಮತ್ತೆ ಕಚ್ಚುತ್ತದೆ. ದೊಡ್ಡವರ ಜೀವ ತೆಗೆಯಲು ಅರ್ಧ ಅಣಬೆ ಸಾಕು.

ಕುದಿಸಿದರೆ ಈ ವಿಷ ಹೋಗುವುದಿಲ್ಲ. ಹುರಿದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ. ರುಚಿಯಲ್ಲೂ ಗೊತ್ತಾಗುವುದಿಲ್ಲ. ಡೆತ್ ಕ್ಯಾಪ್ ತಿಂದು ಬದುಕಿದವರು ಅಡುಗೆ ಚೆನ್ನಾಗಿತ್ತು ಎಂದೇ ಹೇಳಿದ್ದಾರೆ. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಲಿಯೊಂಗಥಾ ಎಂಬ ಊರಲ್ಲಿ ನಾಲ್ಕು ಜನ ನೆಂಟರ ಮನೆಗೆ ಮಧ್ಯಾಹ್ನದ ಊಟಕ್ಕೆ ಹೋದರು. ಹೊಟ್ಟೆ ಕೆಟ್ಟದ್ದು ರಾತ್ರಿಗೆ. ಮೂವರು ಸತ್ತರು, ಒಬ್ಬರು ತಿಂಗಳುಗಟ್ಟಲೆ ನರಳಿ ಉಳಿದರು. ಆ ಮನೆಯವರ ತರಕಾರಿ ಒಣಗಿಸುವ ಯಂತ್ರದಲ್ಲಿ ಡೆತ್ ಕ್ಯಾಪಿನ ಅಂಶ ಸಿಕ್ಕಿತ್ತು. ಅದು ಬೇಕೆಂದೇ ಮಾಡಿದ ಕೊಲೆ ಎಂದು 2025ರಲ್ಲಿ ತೀರ್ಪಾಯಿತು. ನಮ್ಮ ದೇಶದಲ್ಲಿ ಯಾರೂ ಬೇಕೆಂದು ಮಾಡಿದ್ದಲ್ಲ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಜನ ಸತ್ತರು. ಹೆಚ್ಚಿನವರು ಚಹಾ ತೋಟದ ಕೂಲಿ ಮನೆಯವರು. ಪಲ್ಯಕ್ಕೆಂದು ಆರಿಸಿ ತಂದ ಅಣಬೆ ಅದು.

ಕೀಳಬೇಡಿ, ಅಗೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವಿರಾದರೆ ಇದನ್ನು ಇಡಿ.

ಚಿಕ್ಕವನಿದ್ದಾಗ ನಮ್ಮ ಓಣಿಯ ಒಬ್ಬ ಮೌಶಿಯ ಹಿಂದೆ ನಾವು ಅಣಬೆಗೆ ಹೋಗುತ್ತಿದ್ದೆವು. ನಾನು ಬಿಳಿಯದು ಕಂಡಲ್ಲೆಲ್ಲ ಓಡಿ ಹೋಗಿ ಪಟ್ಟನೆ ಕಿತ್ತುಬಿಡುತ್ತಿದ್ದೆ. ಕಿತ್ತದ್ದನ್ನು ಮೌಶಿ ಬುಟ್ಟಿಗೇ ಹಾಕಿಸಿಕೊಳ್ಳುತ್ತಿರಲಿಲ್ಲ. "ತಮ್ಮಾ, ಛತ್ರಿ ನೋಡಿ ಮರುಳಾಗಬ್ಯಾಡ, ಬುಡಾ ನೋಡು" ಎನ್ನುತ್ತಿದ್ದರು. ಅವರು ಕುರ್ಚಿಗಿಯಿಂದ ಅಣಬೆಯ ಸುತ್ತ ಒಂದು ಗೇಣು ಬಿಟ್ಟು ಮಣ್ಣು ಸಡಿಲಿಸುತ್ತಿದ್ದರು. ಆಮೇಲೆ ಬೆರಳಿನಿಂದ ಮಣ್ಣು ಸರಿಸುತ್ತ ಕೆಳಗೆ ಹೋಗುತ್ತಿದ್ದರು.

ನಾವು ತಿನ್ನುವ ಹುತ್ತದ ಅಣಬೆಯಾದರೆ ದಂಟು ಸಣ್ಣಗಾಗುತ್ತ ಬೇರಿನ ಹಾಗೆ ಆಳಕ್ಕೆ ಇಳಿಯುತ್ತದೆ. ಅಗೆದಷ್ಟೂ ಮುಗಿಯುವುದಿಲ್ಲ. ಯಾಕೆಂದರೆ ಅದು ಹುಟ್ಟುವುದು ನೆಲದೊಳಗೆ ಗೆದ್ದಲು ಕಟ್ಟಿದ ಗೂಡಿನಿಂದ. ಮೇಲೆ ಹುತ್ತ ಕಾಣಲಿ ಕಾಣದಿರಲಿ, ಕೆಳಗೆ ಗೂಡು ಇದ್ದೇ ಇರುತ್ತದೆ. ಛತ್ರಿಯ ನೆತ್ತಿಯಲ್ಲಿ ಮಣ್ಣು ಸೀಳಿಕೊಂಡು ಬರಲು ಒಂದು ಚೂಪು ಮೊನೆಯೂ ಇರುತ್ತದೆ.

ಅಮನಿಟಾ ಆದರೆ ಹೀಗಿರುವುದಿಲ್ಲ. ಅದು ಎಳೆಯದಿದ್ದಾಗ ಮೊಟ್ಟೆಯ ಹಾಗೆ ಒಂದು ಬಿಳಿ ಪೊರೆಯೊಳಗೆ ಇರುತ್ತದೆ. ಬೆಳೆಯುತ್ತ ಆ ಪೊರೆ ಹರಿದು, ಬುಡದಲ್ಲಿ ಒಂದು ಚೀಲ ಉಳಿಯುತ್ತದೆ. ದಂಟನ್ನು ಬಟ್ಟಲಲ್ಲಿ ನಿಲ್ಲಿಸಿದ ಹಾಗೆ ಕಾಣುತ್ತದೆ. ಈ ಚೀಲ ಮಣ್ಣಿನ ಒಳಗಿರುತ್ತದೆ. ನೀವು ದಂಟು ಹಿಡಿದು ಕಿತ್ತರೆ ಚೀಲ ನೆಲದಲ್ಲೇ ಉಳಿಯುತ್ತದೆ, ಗುರುತು ಹೋಯಿತು. ಜೀವ ಉಳಿಸುವ ಗುರುತು ಮಣ್ಣಲ್ಲಿ, ವಿಷ ನಿಮ್ಮ ಕೈಯಲ್ಲಿ.

ಅಗೆದ ಮೇಲೆ ತಿರುಗಿಸಿ ನೋಡಿ. ಛತ್ರಿಯ ಅಡಿಯ ಗರಿಗಳು ಬೆಳ್ಳಗಿವೆಯೇ? ದಂಟಿನ ಮೇಲ್ಭಾಗದಲ್ಲಿ ಸಣ್ಣ ಲಂಗ ಉಡಿಸಿದ ಹಾಗೆ ತೆಳು ಪೊರೆಯ ಉಂಗುರ ಇದೆಯೇ? ಬುಡದಲ್ಲಿ ಚೀಲ ಇದೆಯೇ? ಬಿಳಿ ಗರಿ, ಉಂಗುರ, ಚೀಲ, ಈ ಮೂರೂ ಸೇರಿದರೆ ಅದನ್ನು ಅಲ್ಲೇ ಬಿಡಿ. ಮಳೆಗೆ ಉಂಗುರ ಉದುರಿರಬಹುದು, ಚೀಲ ಹರಿದಿರಬಹುದು. ಆದ್ದರಿಂದ ಮೂರರಲ್ಲಿ ಒಂದು ಅನುಮಾನ ಬಂದರೂ ಬಿಡುವುದೇ ಸರಿ. ಮುಟ್ಟಿದರೆ ವಿಷ ಏರುವುದಿಲ್ಲ, ಹೆದರಬೇಡಿ. ಕೈ ತೊಳೆದುಕೊಂಡರೆ ಸಾಕು.

ಇನ್ನೂ ಅರಳದ ಗುಂಡು ಮೊಗ್ಗುಗಳನ್ನಂತೂ ತರಲೇಬೇಡಿ. ಎಳೆಯ ಅಮನಿಟಾ ಮೊಗ್ಗೂ ತಿನ್ನುವ ಅಣಬೆಯ ಮೊಗ್ಗೂ ಹೊರಗಿನಿಂದ ಒಂದೇ ಥರ. ಭತ್ತದ ಹುಲ್ಲಿನಲ್ಲಿ ಬೆಳೆಯುವ ಅಣಬೆಯ ಬುಡದಲ್ಲೂ ಚೀಲ ಇರುತ್ತದೆ. ಆಗ್ನೇಯ ಏಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರಲ್ಲಿ ಕೆಲವರು, ಇದು ನಮ್ಮೂರಿನ ಹುಲ್ಲಣಬೆಯೇ ಎಂದುಕೊಂಡು ಡೆತ್ ಕ್ಯಾಪ್ ತಿಂದದ್ದು ಹೀಗೇ. ಒಂದು ನೆಲದ ತಿಳಿವಳಿಕೆ ಇನ್ನೊಂದು ನೆಲದಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಾಗಲಕೋಟೆ, ವಿಜಯಪುರದಿಂದ ಮಳೆ ನೋಡಲು ಘಟ್ಟಕ್ಕೆ ಬರುವ ಗೆಳೆಯರಿಗೆ ನಾನು ಇದನ್ನೇ ಹೇಳುತ್ತೇನೆ: ನೀವು ಆರಿಸಬೇಡಿ.

ಬಯಲು ಸೀಮೆಯಲ್ಲಿ ಕಾಣುವ ಇನ್ನೊಂದು

ಘಟ್ಟ ದೂರ ಇದೆ ಎಂದು ಬಯಲಿನವರು ನಿಶ್ಚಿಂತರಾಗಿ ಇರುವ ಹಾಗಿಲ್ಲ. ಮಳೆ ಬಿದ್ದ ಮೇಲೆ ಹುಲ್ಲುಗಾವಲು, ಗೊಬ್ಬರ ಹಾಕಿದ ಜಾಗ, ಉದ್ಯಾನದ ಹುಲ್ಲಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಬಿಳಿ ಛತ್ರಿಗಳು ಏಳುತ್ತವೆ. ಮೇಲೆ ಕಂದು ಚಕ್ಕೆಗಳು ಇರುತ್ತವೆ. ಇದರ ಹೆಸರು ಕ್ಲೋರೋಫಿಲ್ಲಮ್ ಮೋಲಿಬ್ಡೈಟಿಸ್. ಎಳೆಯದಿದ್ದಾಗ ಗರಿ ಬಿಳಿ, ಬಲಿತ ಮೇಲೆ ಮಾಸಲು ಹಸಿರು. ತಿಂದ ಒಂದರಿಂದ ಮೂರು ತಾಸಿನಲ್ಲಿ ವಿಪರೀತ ವಾಂತಿ ಭೇದಿ. ಸಾಧಾರಣವಾಗಿ ಜೀವಕ್ಕೆ ಅಪಾಯ ಇಲ್ಲ, ಆದರೆ ಮಕ್ಕಳಿಗೆ ಮೈಯ ನೀರೆಲ್ಲ ಹೋಗಿ ಕಷ್ಟವಾಗುತ್ತದೆ. ಲೆಪಿಯೋಟಾ ಎಂಬ ಇನ್ನೊಂದು ಕುಲದ ಕೆಲವು ಪುಟ್ಟ ಅಣಬೆಗಳಲ್ಲಿ ಅಮನಿಟಾದ ವಿಷವೇ ಇದೆ. ಅವುಗಳ ಬುಡದಲ್ಲಿ ಚೀಲವೂ ಇರುವುದಿಲ್ಲ. ಆದ್ದರಿಂದ ಚೀಲ ಇಲ್ಲ ಎಂದ ಮಾತ್ರಕ್ಕೆ ತಿನ್ನಬಹುದು ಎಂದಲ್ಲ.

ರಾತ್ರಿಯಿಡೀ ಕಾಗದದ ಮೇಲೆ

ಬಣ್ಣದ ಪರೀಕ್ಷೆ ಒಂದಿದೆ, ಮಕ್ಕಳಿಗೂ ತೋರಿಸಬಹುದು. ಅರಳಿದ ಛತ್ರಿಯ ದಂಟು ಕತ್ತರಿಸಿ. ಅರ್ಧ ಕಪ್ಪು ಅರ್ಧ ಬಿಳಿ ಕಾಗದದ ಮೇಲೆ ಗರಿ ಕೆಳಗಾಗಿ ಇಟ್ಟು, ಮೇಲೆ ಬಟ್ಟಲು ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಗರಿಯ ಸಾಲು ಸಾಲೇ ಪುಡಿಯಲ್ಲಿ ಅಚ್ಚಾಗಿರುತ್ತದೆ. ಅಮನಿಟಾದ್ದು ಬಿಳಿ ಪುಡಿ, ಕಪ್ಪು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಹುತ್ತದ ಅಣಬೆಯದು ತೆಳು ಗುಲಾಬಿ. ಕ್ಲೋರೋಫಿಲ್ಲಮ್‌ದು ಹಸಿರು.

ಈ ಪರೀಕ್ಷೆ ಅಣಬೆಯನ್ನು ಕೈಬಿಡಲು ಮಾತ್ರ. ಬಿಳಿ ಅಥವಾ ಹಸಿರು ಬಂದರೆ ತಿಪ್ಪೆಗೆ. ಗುಲಾಬಿ ಬಂದರೂ ಅದೊಂದನ್ನೇ ನಂಬಿ ಒಲೆ ಹಚ್ಚಬೇಡಿ.

ನಂಬಬಾರದ ಮಾತುಗಳು

ನಮ್ಮ ಹಿರಿಯರಿಂದ ಬಂದ ಮಾತುಗಳ ಮೇಲೆ ನನಗೆ ಗೌರವ ಇದೆ. ಆದರೆ ಇಲ್ಲಿ ಕೆಲವನ್ನು ಬಿಡಲೇಬೇಕು. ಅಣಬೆ ಬೇಯುವಾಗ ಬೆಳ್ಳಿ ನಾಣ್ಯ ಹಾಕಿದರೆ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ತಿರುಗುತ್ತದೆ ಅಂತಾರೆ. ಅಮಾಟಾಕ್ಸಿನ್‌ಗೆ ಬೆಳ್ಳಿಯೂ ಕಪ್ಪಾಗುವುದಿಲ್ಲ, ಬೆಳ್ಳುಳ್ಳಿಯೂ ಬಣ್ಣ ತಿರುಗುವುದಿಲ್ಲ. ಹುಳ ತಿಂದಿದ್ದರೆ ಮನುಷ್ಯರೂ ತಿನ್ನಬಹುದು ಅಂತಾರೆ. ಬಸವನಹುಳುಗಳು ಅಮನಿಟಾವನ್ನು ತಿಂದು ಆರಾಮಾಗಿರುತ್ತವೆ. ಹುಣಸೆ, ಅರಿಶಿನ ಹಾಕಿ ಕುದಿಸಿದರೆ ವಿಷ ಇಳಿಯುತ್ತದೆ ಎಂಬುದೂ ಸುಳ್ಳು. ಬಣ್ಣಬಣ್ಣದ್ದು ಮಾತ್ರ ವಿಷ, ಬಿಳಿಯದು ಒಳ್ಳೆಯದು ಎಂಬ ಮಾತು ಎಲ್ಲಕ್ಕಿಂತ ಅಪಾಯದ್ದು. ನಮ್ಮ ಕಾಕಾನ ಮಗ ಹೇಳಿದ್ದೂ ಅದನ್ನೇ: "ಬೆಳ್ಳಗಿತ್ತಲ್ಲ!"

ಈಗ ಇನ್ನೊಂದು ಶುರುವಾಗಿದೆ. ಮೊಬೈಲಿನಲ್ಲಿ ಫೋಟೋ ತೆಗೆದು ಆ್ಯಪಿಗೆ ಕೇಳುವುದು, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಮಣ್ಣಿನೊಳಗಿನ ಬುಡ ಫೋಟೋದಲ್ಲಿ ಎಲ್ಲಿಂದ ಬರಬೇಕು? ಹೆಸರು ಕಲಿಯುವ ಆಸೆಗೆ ಆ್ಯಪ್ ಇರಲಿ, ಊಟಕ್ಕೆ ಬೇಡ.

ರಸ್ತೆ ಬದಿಯಲ್ಲಿ ಕೊಳ್ಳುವಾಗ ಪ್ರತಿ ವರ್ಷ ಕೂರುವ, ಮುಖ ಪರಿಚಯದವರ ಹತ್ತಿರವೇ ಕೊಳ್ಳಿ. ಬೇರಿನ ಸಮೇತ ಇರುವುದನ್ನೇ ಕೇಳಿ. ದಂಟು ಕತ್ತರಿಸಿ ಬರೀ ಛತ್ರಿ ಇಟ್ಟಿದ್ದರೆ ಚೌಕಾಸಿಯನ್ನೂ ಮಾಡಬೇಡಿ, ಮುಂದೆ ನಡೆಯಿರಿ.

ಅಡುಗೆಮನೆಯಲ್ಲಿ

ಒಂದೊಂದನ್ನೂ ಬಿಡಿಸಿ ನೋಡಿ, ಗುಂಪಾಗಿ ತೊಳೆದು ಹೆಚ್ಚಬೇಡಿ. ಇಪ್ಪತ್ತು ಒಳ್ಳೆಯದರ ನಡುವೆ ಒಂದು ಕೆಟ್ಟದ್ದು ಸೇರಿದರೆ ಇಡೀ ಪಾತ್ರೆ ಕೆಟ್ಟಿತು. ಎರಡು ಬಗೆಯ ಕಾಡಣಬೆ ಒಂದೇ ಪಲ್ಯಕ್ಕೆ ಹಾಕಬೇಡಿ. ಬೇಯಿಸುವ ಮೊದಲು ಒಂದೆರಡು ಹಸಿ ಅಣಬೆಯನ್ನು ಬುಡ ಸಮೇತ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಎತ್ತಿಡಿ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಕೊಳೆತು ಗುರುತು ಸಿಗುವುದಿಲ್ಲ. ಮೂರು ದಿನ ಬಿಟ್ಟು ಬಿಸಾಡಿದರೆ ಆಯಿತು. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ಲಿವರಿನ ತೊಂದರೆ ಇರುವವರಿಗೆ ಕಾಡಣಬೆ ಬಡಿಸುವುದೇ ಬೇಡ. ಅವರಿಗೆ ಪೇಟೆಯಲ್ಲಿ ಸಿಗುವ, ಬೆಳೆಸಿದ ಬಟನ್ ಅಣಬೆಯೋ ಚಿಪ್ಪಿನ ಅಣಬೆಯೋ ತನ್ನಿ.

ಹೊಟ್ಟೆ ಕೆಟ್ಟರೆ ಮೊದಲು ಗಡಿಯಾರ ನೋಡಿ

ಊಟ ಎಷ್ಟು ಗಂಟೆಗೆ ಆಯಿತು? ಮೊದಲ ವಾಂತಿ ಎಷ್ಟು ಗಂಟೆಗೆ? ಎರಡನ್ನೂ ಚೀಟಿಯಲ್ಲಿ ಬರೆಯಿರಿ. ವೈದ್ಯರಿಗೆ ಇದಕ್ಕಿಂತ ದೊಡ್ಡ ಸುಳಿವು ಇಲ್ಲ.

ರಾತ್ರಿ ಎಂಟಕ್ಕೆ ಉಂಡು ಹತ್ತರೊಳಗೆ ವಾಂತಿಯಾದರೆ ಅದು ಬಹುಶಃ ಹೊಟ್ಟೆ ಕೆಡಿಸುವ ಸಾಮಾನ್ಯ ವಿಷ. ಎಂಟಕ್ಕೆ ಉಂಡು, ಚೆನ್ನಾಗಿ ನಿದ್ದೆ ಮಾಡಿ, ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ ಶುರುವಾದರೆ ಎದೆ ಝಲ್ ಎನ್ನಬೇಕು. ಆರು ತಾಸು ದಾಟಿ ಬರುವ ವಾಂತಿ ಭೇದಿ ಅಮಾಟಾಕ್ಸಿನ್‌ನ ಗುರುತು. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಾಸು, ಕೆಲವೊಮ್ಮೆ ಇಪ್ಪತ್ನಾಲ್ಕು ತಾಸಿನ ತನಕವೂ ಅದು ಸುಮ್ಮನಿರುತ್ತದೆ. ಬೇಗ ವಾಂತಿಯಾಯಿತೆಂದು ಮಾತ್ರ ಸಮಾಧಾನ ಪಡಬೇಡಿ. ಎರಡು ಬಗೆಯ ಅಣಬೆ ಸೇರಿದ್ದರೆ ಒಂದರ ವಿಷ ಮೊದಲು ಕಾಣುತ್ತದೆ, ಇನ್ನೊಂದರದು ಒಳಗೆ ಕೆಲಸ ಮಾಡುತ್ತಿರುತ್ತದೆ.

ಗಂಟಲಿಗೆ ಬೆರಳು ಹಾಕಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಮಜ್ಜಿಗೆ, ನಿಂಬೆರಸ, ನಾಟಿ ಔಷಧ ಎಂದು ಹೊತ್ತು ಕಳೆಯಬೇಡಿ. ಭೇದಿ ನಿಲ್ಲುವ ಗುಳಿಗೆಯನ್ನೂ ನೀವಾಗಿ ಕೊಡಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ.

ಎಲ್ಲಿಗೆ, ಏನು ಹಿಡಿದುಕೊಂಡು

ಹಳ್ಳಿಯ ದವಾಖಾನೆಯಲ್ಲಿ ಸಲೈನ್ ಹಚ್ಚಿಸಿಕೊಳ್ಳಿ, ಆದರೆ ಅಲ್ಲೇ ನಿಲ್ಲಬೇಡಿ. ತೀವ್ರ ನಿಗಾ ಘಟಕ ಇರುವ, ಲಿವರಿನ ಪರೀಕ್ಷೆ ರಾತ್ರಿಯಲ್ಲೂ ಆಗುವ ಆಸ್ಪತ್ರೆಗೆ ಹೋಗಬೇಕು. ಬೆಳಗಾವಿಯಲ್ಲಿ ಬಿಮ್ಸ್ ಜಿಲ್ಲಾ ಆಸ್ಪತ್ರೆ, ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ ಇವೆ. ಬಾಗಲಕೋಟೆ, ವಿಜಯಪುರದಲ್ಲೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಎತ್ತಿಟ್ಟ ಹಸಿ ಅಣಬೆ, ಉಳಿದ ಪಲ್ಯ, ಸಮಯ ಬರೆದ ಚೀಟಿ ಜೊತೆಗಿರಲಿ. ಹಸಿ ಅಣಬೆ ಇಲ್ಲದಿದ್ದರೆ ಆರಿಸಿದ ಜಾಗಕ್ಕೆ ಒಬ್ಬರು ಹೋಗಿ ಅಂಥದ್ದೇ ಒಂದನ್ನು ಅಗೆದು ತರಲಿ. ಒಳಗೆ ಹೋಗುತ್ತಲೇ ಮೊದಲ ಮಾತು "ಕಾಡಣಬೆ ತಿಂದಿದ್ದೇವೆ" ಎಂದಿರಬೇಕು. ಹೊಟ್ಟೆ ನೋವು ಎಂದು ಶುರು ಮಾಡಬೇಡಿ.

ನವದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಹಗಲು ರಾತ್ರಿ ಫೋನ್ ಎತ್ತುತ್ತಾರೆ, ಹಣ ಬೀಳುವುದಿಲ್ಲ: 1800 116 117. ನೀವೂ ಮಾಡಬಹುದು, ನಿಮ್ಮ ವೈದ್ಯರೂ ಮಾಡಬಹುದು. ಈ ನಂಬರನ್ನು ಈಗಲೇ ಮೊಬೈಲಿನಲ್ಲಿ ಹಾಕಿಕೊಳ್ಳಿ.

ಒಂದೇ ಚುಚ್ಚುಮದ್ದಿಗೆ ಇಳಿದುಬಿಡುವ ವಿಷ ಇದಲ್ಲ. ಸಲೈನ್ ಧಾರಾಳವಾಗಿ ಕೊಡುತ್ತಾರೆ. ಕರುಳಿನಲ್ಲಿ ಸುತ್ತುವ ವಿಷವನ್ನು ಹಿಡಿಯಲು ಇದ್ದಿಲಿನ ಪುಡಿಯಂಥ ಔಷಧ ಕುಡಿಸುತ್ತಾರೆ. ಎನ್-ಅಸಿಟೈಲ್‌ಸಿಸ್ಟೀನ್, ಸಿಲಿಬಿನಿನ್, ಪೆನಿಸಿಲಿನ್ ಬಳಸುವುದುಂಟು. ಬೇಗ ಹೋದಷ್ಟೂ ಇವು ಕೆಲಸ ಮಾಡುತ್ತವೆ. ಲಿವರು ಪೂರ್ತಿ ಕೈಕೊಟ್ಟರೆ ಕಸಿ ಒಂದೇ ದಾರಿ.

ಆರಾಮಾಯಿತು ಎಂದ ದಿನ

ಎರಡನೇ ದಿನ ವಾಂತಿ ನಿಲ್ಲುತ್ತದೆ. ಹಸಿವೆ ಆಗುತ್ತದೆ. ಮನೆಗೆ ಹೋಗೋಣ ಎಂದು ರೋಗಿಯೇ ಹಟ ಮಾಡುತ್ತಾನೆ. ಬಿಲ್ಲು ಏರುತ್ತಿರುತ್ತದೆ, ಹೊಲದಲ್ಲಿ ಕೆಲಸ ನಿಂತಿರುತ್ತದೆ, ನಿಮಗೂ ಹಾಗೇ ಅನ್ನಿಸುತ್ತದೆ. ದಯವಿಟ್ಟು ಹೋಗಬೇಡಿ. ಹೊಟ್ಟೆ ಶಾಂತವಾದ ಆ ಹೊತ್ತಿನಲ್ಲೇ ಲಿವರು ಸಾಯುತ್ತಿರುತ್ತದೆ. ಕಾಮಾಲೆ, ರಕ್ತ ಹೆಪ್ಪುಗಟ್ಟದಿರುವುದು, ಮಂಪರು, ಇವೆಲ್ಲ ಬರುವುದು ಮೂರನೇ ದಿನದಿಂದ ಮೇಲೆ.

ಲಿವರಿನ ಹಾನಿ ತೋರಿಸುವ ಎಸ್‌ಜಿಒಟಿ, ಎಸ್‌ಜಿಪಿಟಿ, ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ-ಐಎನ್‌ಆರ್ ಎಂಬ ಪರೀಕ್ಷೆಗಳ ಹೆಸರು ನೆನಪಿರಲಿ. ಮೊದಲ ದಿನ ಇವು ಸರಿಯಾಗೇ ಬರಬಹುದು. ಎರಡನೇ ದಿನ, ಮೂರನೇ ದಿನ ಮತ್ತೆ ಮಾಡಿಸಬೇಕು. ನಾವೇ ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚ ಏನೂ ಇಲ್ಲ: "ಡಾಕ್ಟ್ರೇ, ಲಿವರ್ ಟೆಸ್ಟ್ ಇವತ್ತು ಮತ್ತೊಮ್ಮೆ ಮಾಡ್ತೀರಾ?"

ವಾಂತಿ ಆದವರನ್ನು ಮಾತ್ರ ಕರೆದುಕೊಂಡು ಹೋಗಿ ಉಳಿದವರನ್ನು ಮನೆಯಲ್ಲಿ ಬಿಡಬೇಡಿ. ಆ ಪಾತ್ರೆಯಿಂದ ಒಂದು ಚಮಚ ತಿಂದವರೂ ಹೊರಡಬೇಕು, ಅಜ್ಜಿಯೂ, ಮಗುವೂ. ನಮ್ಮ ಕಡೆ ಅಣಬೆ ಪಲ್ಯ ಮಾಡಿದರೆ ಒಂದು ಬಟ್ಟಲು ಪಕ್ಕದ ಮನೆಗೆ ಹೋಗೇ ಹೋಗುತ್ತದೆ, ಅಲ್ವಾ? ಗಾಡಿ ಹತ್ತುವ ಮೊದಲು ಆ ಮನೆಯ ಬಾಗಿಲು ತಟ್ಟಿ. ಬೆಳಗಿನ ಜಾವ ಮೂರಾಗಿದ್ದರೂ ಸರಿ, ಎಬ್ಬಿಸಿ ಕರೆದುಕೊಂಡು ಹೋಗಿ.